ಎನರ್ಜೆಟಿಕ್ ಹುಚ್ಚೀರಯ್ಯ

ಮದ್ದೂರಿನ ದೊರೆ ಬಂಗಲೆಯ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು ಸಲಾಮು ಹೊಡೆಯುತ್ತಿದ್ದ ಜವಾನ ಪೆನ್ಷನ್ ತಗೊಂಡು ಹೋದದ್ದೇ ತಡ, ಹುಚ್ಚೀರಯ್ಯನಿಗೆ ನಿದ್ದೆ ಹಾರಿಹೋಯಿತು. ಮೀಸೆ ಚಿಗುರಿದಾಗಿನಿಂದ ತಲೆಮೇಲೆ ವೀಳ್ಯದೆಲೆ ಬುಟ್ಟಿ ಹೊತ್ತು ಊರೂರು ಅಲೆದ ಪ್ರಾಣಿ ಅದು. ಹಿಮ್ಮಡಿ ಬೇಸಿಗೆ ಕೆರೆಯ ಹಾಗೆ ಬಿರಿದಿತ್ತು. ಸ್ವರ್ಗ ಅಂದರೆ ಅವನ ಪಾಲಿಗೆ ರಂಭೆಯೂ ಅಲ್ಲ, ಊರ್ವಶಿಯೂ ಅಲ್ಲ. ಮರದ ನೆರಳು, ಅದರಡಿ ಆ ಸ್ಟೂಲು, ಅಷ್ಟೆ.

ಅವತ್ತು ಬೆಳಿಗ್ಗೆ ಬಂಗಲೆಯ ಬಟ್ಲರ್ ಫಕ್ರುದ್ದೀನ್ ಸಾಬರು ಏದುಸಿರು ಬಿಡುತ್ತಾ ಮನೆ ಮುಂದೆ ಬಂದು ನಿಂತರು.

"ಹುಚ್ಚೀರಯ್ಯ, ನಿನ್ನ ನಸೀಬು ಖುಲಾಯಿಸ್ತು! ಸಾಯಂಕಾಲ ದೊರೆ ಬ್ಲಫಿನ ಕರೆಂಟು ಕಾರ್ಖಾನೆಯಿಂದ ಬತ್ತಾವ್ರೆ. 'ನಂಗೊಬ್ಬ ಎನರ್ಜೆಟಿಕ್ ಮನುಷ್ಯ ಬೇಕು' ಅಂದವ್ರೆ. ಸ್ಟೂಲು ಖಾಲಿ ಅದೆಯಲ್ಲ, ಅದಕ್ಕೇಯಾ. ನಿನ್ನ ಹೆಸರು ಹೇಳಿವ್ನಿ."

"ಅದೆಂಥದೋ ಸಾಬ್ರೆ, ನಮ್ಮನೆಯೋರಿಗೆ ಅಂಥ ಚಟ ಎಲ್ಲಾ ಇಲ್ಲ ಕಣಪ್ಪ" ಅಂದಳು ಹೆಂಡತಿ ಶಿವನಂಜಮ್ಮ.

ಬ್ಲಫಿನ ದೊರೆಗಳ ಕೈಲಿ ಬೈಸಿಕೊಂಡೇ ಇಂಗ್ಲಿಷು ಕಲಿತ ಸಾಬರು ನಕ್ಕರು. "ಚಟ ಅಲ್ಲ ಕಣಮ್ಮ, ಬಿರುದು! ಎನರ್ಜೆಟಿಕ್ ಅಂದ್ರೆ ಕೂತಲ್ಲಿ ಕೂರದೋನು, ನಿಂತಲ್ಲಿ ನಿಲ್ಲದೋನು. ಒಂದು ಕೆಲ್ಸ ಹೇಳಿದ್ರೆ ಮೂರು ಮಾಡೋನು."

"ಆದ್ರೆ ಕೆಲ್ಸ ಕೂರೋದೇ ಅಲ್ವಾ?" ಹುಚ್ಚೀರಯ್ಯ ಮೆಲ್ಲಗೆ ಕೇಳಿದ.

"ಮುಚ್ಕೊಂಡು ಕೇಳ್ಲಾ!" ಎದುರು ಜಗಲಿಯಿಂದ ಗದರಿದ ಮರಿಸಿದ್ದಯ್ಯ. ಮಂಡಿನೋವು ಹಿಡಿದ ಮೇಲೆ ಜಗಲಿ ಮೇಲೆ ಕೂತು ಬೀದಿಗೆಲ್ಲ ಬುದ್ಧಿ ಹೇಳುವುದೇ ಅವನ ಕಸುಬು. "ಕೂರೋಕೆ ಸಿಗ್ಬೇಕಾದ್ರೆ ಮೊದ್ಲು ಓಡ್ಬೇಕು ಕಣ್ಲಾ! ಸಂಜೆಗಂಟ ಅಭ್ಯಾಸ ಮಾಡು."

ಮುಗೀತು, ಬೀದಿಗೆ ಬೀದಿಯೇ ಅಭ್ಯಾಸ ಮಾಡಿಸಲು ನಿಂತಿತು. "ನಮ್ಮನೇಲಿ ಸೌದೆ ಅದೆ, ಸೀಳ್ಕೊಂಡು ಕಲ್ತ್ಕೊಳಪ್ಪ" ಅಂದಳು ರೇವಮ್ಮ. ಪಟ್ಟಲಮ್ಮನ ಬಾನಿಗೆ ನೀರು ತುಂಬಿಸಿದ್ದಾಯಿತು. ಮಾದಯ್ಯನ ಹೋತ ಹಗ್ಗ ಕಿತ್ತುಕೊಂಡಾಗ ಅದರ ಹಿಂದೆ ಓಡಿದ್ದೂ ಆಯಿತು. ಬಡಪಾಯಿ ಎಲ್ಲಾದರೂ ಕುಂಡಿ ಊರಿದರೆ ಸಾಕು, "ಲೇ, ಎನರ್ಜೆಟಿಕ್ಕು!" ಅಂತ ಜಗಲಿಯಿಂದ ಕೂಗು. ಮಧ್ಯಾಹ್ನದ ಹೊತ್ತಿಗೆ ಆ ಮಾತು ಬೀದಿಯ ನಾಲಿಗೆಗೆ ಹತ್ತಿಬಿಟ್ಟಿತ್ತು. ರೇವಮ್ಮ ತನ್ನ ಎಮ್ಮೆಗೂ "ವಸಿ ಎನರ್ಜೆಟಿಕ್ಕಾಗಿ ಹಾಲು ಕೊಡೇ ಮುಂಡೇದೇ" ಅಂದಳು.

"ಮನೇಲಿ ಒಂದಿನಾನೂ ಇಂಗಾಡ್ಲಿಲ್ವಲ್ಲ ನೀವು!" ಅಂತ ಶಿವನಂಜಮ್ಮ ಕಣ್ಣೊರೆಸಿಕೊಂಡಳು. ಪಾಪ, ಅವಳ ಹೊಟ್ಟೆ ಉರಿದದ್ದೂ ನ್ಯಾಯವೇ.

ಸಂಜೆ ಎಲ್ಲರೂ ದಂಡು ಕಟ್ಟಿಕೊಂಡು ಬಂಗಲೆಗೆ ಹೋದರು. ಕುಂಟುತ್ತಾ ಬಂದ ಮರಿಸಿದ್ದಯ್ಯ "ಅಯ್ಯಪ್ಪಾ" ಎಂದು ಖಾಲಿ ಸ್ಟೂಲಿನ ಮೇಲೆ ಕುಸಿದ. ಹುಚ್ಚೀರಯ್ಯನ ಎದೆ ಚುರ್ ಅಂದಿತು. ಇರಲಿ, ಇನ್ನೊಂದು ಗಳಿಗೆ, ಆಮೇಲೆ ಸಾಯುವ ತನಕ ನಂದೇ ಅಂತ ಸಮಾಧಾನ ಮಾಡಿಕೊಂಡ.

ಯುದ್ಧಕಾಲ, ಪೆಟ್ರೋಲಿಗೆ ಬರ. ಇದ್ದಿಲಿನ ಹೊಗೆಯಲ್ಲಿ ಓಡುವ ದೊರೆ ಕಾರು ಗೇಟಿನಿಂದ ಒಂದು ಮಾರು ಆಚೆಯೇ ಕೆಮ್ಮಿ ನಿಂತಿತು. ಹುಚ್ಚೀರಯ್ಯ ಮೈಮೇಲೆ ದೇವರು ಬಂದವನಂತೆ ನುಗ್ಗಿದ. ಒಬ್ಬನೇ ಕಾರು ತಳ್ಳಿದ. ಟ್ರಂಕು ಹೊತ್ತು ಒಳಗೆ ಓಡಿದ, ಹಾಸಿಗೆ ಸುರುಳಿ ಹೊತ್ತು ಮತ್ತೆ ಓಡಿದ, ಏನೂ ಉಳಿಯದಿದ್ದಾಗ ದೊರೆಯ ನಾಯಿಯನ್ನೇ ಎತ್ತಿಕೊಂಡು ಓಡಿದ.

"ಎನರ್ಜೆಟಿಕ್! ವೆರಿ ಎನರ್ಜೆಟಿಕ್!" ದೊರೆ ಕೈ ಕುಲುಕಿದ. ಬೀದಿಯವರು ಚಪ್ಪಾಳೆ ತಟ್ಟಿದರು. ದೊರೆ ಬೆತ್ತ ಆಡಿಸುತ್ತಾ ಇನ್ನೂ ಏನೇನೋ ಹೇಳಿ ಒಳಗೆ ಹೋದ. ಸಾಬರ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು.

"ಏನಂದ್ರು ಸಾಬ್ರೆ?"

"ಕೆಲ್ಸ ಆಯ್ತು ಕಣಯ್ಯ. ಪೆಟ್ರೋಲಿಲ್ಲ, ಟಪಾಲು ಹೋಗ್ತಿಲ್ಲ. ದಿನಾ ಮಳವಳ್ಳಿಗೆ ಚೀಲ ಹೊತ್ಕೊಂಡು ಓಡೋಕೆ ಎನರ್ಜೆಟಿಕ್ ಮನುಷ್ಯ ಬೇಕಿತ್ತಂತೆ. ನಾಳೆಯಿಂದ್ಲೇ ಹೊರಡು ಅಂದ್ರು."

"ಮತ್ತೆ... ಸ್ಟೂಲು?" ಅಂದ ಹುಚ್ಚೀರಯ್ಯ.

ಸಾಬರು ಗೇಟಿನ ಕಡೆ ಕೈ ತೋರಿಸಿದರು. "ಇಷ್ಟು ಗಲಾಟೇಲೂ ಆ ಮನುಷ್ಯ ಗೇಟು ಬಿಟ್ಟು ಕದಲಲಿಲ್ಲ, ಸ್ಟೂಲಿಗೆ ಅಂಥೋನೇ ಸರಿ ಅಂದ್ಬುಟ್ರು."

ಅಲ್ಲಿ ಮಂಡಿ ಹಿಡಿದುಕೊಂಡು, ಏಳಲಾರದೆ ನರಳುತ್ತಿದ್ದ ಮರಿಸಿದ್ದಯ್ಯ ಸುದ್ದಿ ಕೇಳಿ ಒಂದು ಗಳಿಗೆ ಬಾಯಿ ಬಿಟ್ಟ. ಆಮೇಲೆ ಸ್ಟೂಲಿನ ಮೇಲೆ ಸರಿಯಾಗಿ ಜರುಗಿ ಕೂತು ಕೂಗಿದ:

"ಲೇ ಹುಚ್ಚೀರ, ಎಂಗೂ ನಾಳೆ ಮಳವಳ್ಳಿಗೆ ಓಯ್ತೀಯಲ್ಲ, ಬರೋವಾಗ ನನ್ನ ಮಂಡಿಗೊಂದಿಷ್ಟು ಎಣ್ಣೆ ತಂದ್ಬುಡ್ಲಾ!"