ಸ್ಪ್ರಿಂಗಿಗೆ ಇಟ್ಟ ಸ್ಪಂಜು

ಕೆಲಸದ ಜಿಡ್ಡು ಕೈಗೆ ಅಂಟಿದರೆ ಪರವಾಗಿಲ್ಲ, ಸೋಪು ಹಾಕಿ ತೊಳೆಯಬಹುದು. ತಲೆಗೆ ಅಂಟಿದರೆ ಮನೆಮಂದಿಗೆಲ್ಲ ಕಷ್ಟ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಹಾಗೆಂದುಕೊಂಡೇ ನಮ್ಮ ಮಾವ ಹೆಣ್ಣು ಕೊಟ್ಟರೋ ಏನೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಬಸ್ಸಿನ ಸೀಟಿನಡಿ ಕೂರಿಸುವ ಕಬ್ಬಿಣದ ಚೌಕಟ್ಟುಗಳನ್ನು ಅಲ್ಲಾಡಿಸಿ ನೋಡುವುದು ನನ್ನ ಕೆಲಸ. ಅಲ್ಲಾಡಿದರೆ ಕೆಂಪು ಚೀಟಿ, ಇಲ್ಲದಿದ್ದರೆ ಓಕೆ. ಈ ಚಾಳಿ ಎಲ್ಲಿ ಹೋದರೂ ಬಿಡದು. ತಮ್ಮನಿಗೆ ಹೆಣ್ಣು ನೋಡಲು ಹೋದಾಗ ಬೀಗರಾಗಬೇಕಾದವರ ಮನೆಯ ಟೀಪಾಯಿಯನ್ನು ತಲೆಕೆಳಗು ಮಾಡಿ ಅದರ ಕಾಲು ಬಿಗಿ ಮಾಡಿಕೊಟ್ಟಿದ್ದೆ. ಸಂಬಂಧ ಕೂಡಿಬರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಹಿಂದೆ ಒಂದು ಆರ್ಕೆಸ್ಟ್ರಾ ಇತ್ತು. ಗಿಟಾರು ನನ್ನದು, ಹಾಡು ಸ್ಟೋರ್ಸಿನ ಶಿವರಾಮುವಿನದು. ಅದು ನಿಂತುಹೋದಾಗ ವಾಲ್ವ್ ಇರುವ ಹಳೆಯ ಗಿಟಾರ್ ಆಂಪ್ಲಿಫೈಯರೊಂದು ಯಾರಿಗೂ ಬೇಡವಾಗಿ ಬಾಗಲಗುಂಟೆಯ ನಮ್ಮ ಮನೆ ಸೇರಿತು. ಅದರಲ್ಲಿ ರಿವರ್ಬ್ ಎಂಬ ಒಂದು ಗುಂಡಿ. ತಿರುಗಿಸಿದರೆ ಬಾವಿಯೊಳಗೆ ಬಗ್ಗಿ ಹಾಡಿದಂತೆ ದನಿ ಗುಂಯ್ ಎನ್ನುತ್ತದೆ. ಕಳೆದ ನವೆಂಬರಿನಲ್ಲಿ ಶಿವರಾಮು ನಿವೃತ್ತನಾಗುವವನಿದ್ದ. ಅದೇ ವಾರ ಕಾರ್ಖಾನೆಯ ರಾಜ್ಯೋತ್ಸವ. ಅಷ್ಟರಲ್ಲಿ ಅವನ ಗಂಟಲು ಒಣಗಿಹೋಗಿತ್ತು, ಆಸೆ ಮಾತ್ರ ಒಣಗಿರಲಿಲ್ಲ.

"ಎಲ್ಲರ ಮುಂದೆ ಒಂದೇ ಒಂದ್ಸಲ ಚೆನ್ನಾಗಿ ಹಾಡ್ಬಿಟ್ಟು ಹೋಗ್ತೀನಿ ಕಣೋ. ಮೈಕನ್ನ ನಿನ್ನ ಡಬ್ಬಕ್ಕೇ ಸಿಕ್ಸು. ಆ ಗುಂಯ್ ಅನ್ನೋದಿದ್ರೆ ನನ್ನ ಬಂಡವಾಳ ಬಯಲಾಗಲ್ಲ," ಎಂದ.

ಡಬ್ಬ ಆನ್ ಮಾಡಿದೆ. ದನಿ ಬಂತು, ಗುಂಯ್ ಬರಲಿಲ್ಲ. ವಾಲ್ವ್ ಬದಲಾಯಿಸಿದೆ, ಬರಲಿಲ್ಲ. ಗುಂಡಿಯನ್ನು ಊದಿದೆ, ಬೈದೆ, ಬರಲಿಲ್ಲ. ಕೊನೆಗೆ ಪ್ಲಗ್ ಕಿತ್ತು ಹಿಂದಿನ ಹಲಗೆ ಬಿಚ್ಚಿದರೆ, ತಳದಲ್ಲಿದ್ದ ಉದ್ದನೆಯ ತಗಡಿನ ತಟ್ಟೆಗೆ ಹೋಗುವ ವೈರಿನ ತುದಿ ಕಿಲುಬು ಹಿಡಿದು ಕೂತಿತ್ತು. ಉಜ್ಜಿ ಸಿಕ್ಕಿಸಿ ಪ್ಲಗ್ ಹಾಕಿದೆ, ಗುಂಯ್ ಎಂದಿತು. ಬುದ್ಧಿ ಇದ್ದವನು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ನಾನು ತಟ್ಟೆಯೊಳಗೆ ಇಣುಕಿದೆ. ಎರಡು ಸಣಕಲು ಸ್ಪ್ರಿಂಗುಗಳು ಜೋಲಾಡುತ್ತಿದ್ದವು. ಸಾಲದ್ದಕ್ಕೆ ತಟ್ಟೆಯೇ ರಬ್ಬರಿನ ಮೇಲೆ ಓಲಾಡುತ್ತಿತ್ತು. ಪೆಟ್ಟಿಗೆಗೆ ಒಂದು ಏಟು ಕೊಟ್ಟರೆ ಪಾತ್ರೆ ಅಂಗಡಿ ಮಗುಚಿದಂತೆ ಢಣಾರ್! ಟೆಂಪೋದಲ್ಲಿ ಪೀಣ್ಯದ ಹೊಂಡಗಳನ್ನು ದಾಟಿ ಹೋಗಬೇಕಾದ ಮಾಲು ಹೀಗಿದ್ದರೆ ಯಾವ ಇನ್‌ಸ್ಪೆಕ್ಟರ್ ಸುಮ್ಮನಿದ್ದಾನು? ರಬ್ಬರು ಕಿತ್ತು ತಟ್ಟೆಯನ್ನು ಸ್ಕ್ರೂ ಹಾಕಿ ಬಿಗಿದೆ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ ಸ್ಪ್ರಿಂಗುಗಳ ಕೆಳಗೂ ಮೇಲೂ ತುರುಕಿದೆ. ಮತ್ತೆ ತಟ್ಟಿದೆ. ಉಸಿರಿಲ್ಲ.

"ರೀ, ಒಂದ್ಸಲ ಹಾಡಿ ನೋಡ್ಬಾರ್ದಾ?" ಎಂದಳು ಹೆಂಡತಿ. ಸ್ಪಂಜು ಹೋದ ಸಿಟ್ಟಿಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

"ಹಾಡೋದೇನು? ಅಲ್ಲಾಡ್ತಿಲ್ಲ, ಅಷ್ಟು ಸಾಕು," ಎಂದೆ.

ರಾಜ್ಯೋತ್ಸವದ ದಿನ ಶಿವರಾಮು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದ. ಪಲ್ಲವಿಯಲ್ಲೇ ಅವನ ದನಿ ಬೋಳುಬೋಳಾಗಿ, ಸೀಳುಸೀಳಾಗಿ ಹೊರಬಿತ್ತು. ನಾನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಏನೂ ಇಲ್ಲ. ಅವನು ಒಮ್ಮೆ ತಿರುಗಿ ನನ್ನ ಕಡೆ ನೋಡಿದ. ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು. ಜನ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ತಲೆ ತಗ್ಗಿಸಿ ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆಯನ್ನು ನೋಡತೊಡಗಿದರು. ಅವನು ಅರ್ಧಕ್ಕೇ ನಿಲ್ಲಿಸಿ ಕೈ ಮುಗಿದ. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಹಿಂದಿರುಗುವಾಗ ಟೆಂಪೋದಲ್ಲಿ ಅವನೇ ನನಗೆ ಸಮಾಧಾನ ಹೇಳಿದ. "ನಿಂದೇನಿಲ್ಲ ಬಿಡೋ. ನೀನು ಗುಂಯ್ ಹಾಕಿದ್ರೂ ಮುಚ್ಚಕ್ಕಾಗದಷ್ಟು ಕೆಟ್ಟೋಗಿದೆ ನನ್ನ ಗಂಟ್ಲು."

ಮರುದಿನ ಸ್ಪಂಜು ಕಿತ್ತು, ತಟ್ಟೆಯನ್ನು ಮತ್ತೆ ರಬ್ಬರಿನ ಮೇಲೆ ಕೂರಿಸಿದೆ. ಡಬ್ಬ ದೇವಸ್ಥಾನದ ಗಂಟೆಯಂತೆ ಗುಂಯ್ ಎಂದಿತು. ಆ ಬಡಪಾಯಿ ಸ್ಪ್ರಿಂಗುಗಳು ಅಲ್ಲಾಡಿದರೆ ಮಾತ್ರ ರಿವರ್ಬ್ ಎಂಬುದು ಇಪ್ಪತ್ತಾರು ವರ್ಷದ ಸರ್ವೀಸಿಗೆ ಹೊಳೆದಿರಲಿಲ್ಲ. "ಹೋಗಿ ಅವ್ರಿಗೆ ಹೇಳ್ಬನ್ನಿ," ಎಂದು ಹೆಂಡತಿ ಹಿಂದಿನ ಮನೆಗೆ ಅಟ್ಟಿದಳು. ನಾಲ್ಕು ದಿನ ಬಿಟ್ಟು ಹೋದೆ. ಶಿವರಾಮು ಹಾಡಿನ ಪುಸ್ತಕವನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಗಂಟಲಿನಲ್ಲಿ ಏನೂ ತೊಂದರೆಯಿಲ್ಲ, ವಯಸ್ಸಷ್ಟೇ ಎಂದು ಡಾಕ್ಟರು ಹೇಳಿದ್ದರಂತೆ. "ಡಾಕ್ಟ್ರಿಗೇನ್ ಗೊತ್ತು? ಅವತ್ತು ಅವ್ರೇನ್ ಕೇಳಿದ್ರಾ?" ಎಂದ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಬಂತು. ಕುಡಿದು, ಅವರ ಕುರ್ಚಿಯ ಕಾಲೊಂದನ್ನು ಬಿಗಿ ಮಾಡಿಕೊಟ್ಟು ಎದ್ದು ಬಂದೆ.

ಅವರ ಬಚ್ಚಲುಮನೆ ನಮ್ಮ ಅಡುಗೆಮನೆಯ ಹಿಂದೆಯೇ ಇದೆ. ದಿನಾ ಬೆಳಿಗ್ಗೆ ಶಿವರಾಮು ಅಲ್ಲಿ ಉಪ್ಪುನೀರು ಹಾಕಿ ಗಳಗಳ ಮುಕ್ಕಳಿಸುತ್ತಾನೆ. ಸದ್ದು ನಾಲ್ಕೂ ಗೋಡೆಗಳಿಗೆ ತಾಗಿ, ಅವತ್ತು ನಾನು ಕೊಡದೇ ಹೋದ ಗುಂಯ್ ಸಮೇತ ನಮ್ಮ ಮನೆಗೆ ಕೇಳಿಸುತ್ತದೆ. ಹೆಂಡತಿ ದೋಸೆ ಹುಯ್ಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ನಾನು ಎದ್ದುಹೋಗಿ, ಕಿಟಕಿಯ ಚಿಲಕ ಅಲ್ಲಾಡುತ್ತಿದೆಯೇ ಎಂದು ಪರೀಕ್ಷಿಸುತ್ತೇನೆ.