ಬೀಗದವರ ಜೊತೆ ಗಡಿ ದಾಟಿದ್ದು

ಹೊರಡುವ ದಿನ ಬೆಳಗ್ಗೆ ದೇವರ ಮುಂದೆ ಕೈ ಮುಗಿದು ನಿಂತು ನಾನೊಂದು ಘನವಾದ ಸಂಕಲ್ಪ ಮಾಡಿದೆ. ಗಡಿಯಲ್ಲಿ ಮಾತೆಲ್ಲ ನನ್ನದೇ. ಕೇಳಿದ್ದಕ್ಕಷ್ಟೇ ಉತ್ತರ. ಉತ್ತರ ಚುಟುಕಾಗಿರಬೇಕು, ಸತ್ಯವಾಗಿರಬೇಕು. ನನ್ನ ಗಂಡ ಮಾತ್ರ ಬಾಯಿ ಬಿಡುವಂತಿಲ್ಲ.

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಎಕ್ಸ್‌ರೇ ಎಲ್ಲಿ ಎಂದು ಕೇಳಲು ಬಂದವರು ತಮ್ಮ ಮಂಡಿನೋವು, ನಾದಿನಿಯ ಗುಣ, ಮನೆ ಮಾಲೀಕನ ಕಿರಿಕಿರಿ ಎಲ್ಲವನ್ನೂ ಹೇಳಿ, ಕೊನೆಗೆ ಎಕ್ಸ್‌ರೇಯನ್ನೇ ಮರೆತು ಹೋಗುತ್ತಾರೆ. ನಾನು ಎಲ್ಲವನ್ನೂ ಕೇಳಿಸಿಕೊಂಡು “ಎಡಕ್ಕೆ ಹೋಗಿ” ಎನ್ನುತ್ತೇನೆ. ಕಿಟಕಿಯ ಒಳಗೆ ಕೂತವರಿಗೆ ಏನು ಬೇಕು ಎಂಬುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅವರಿಗೆ ಬೇಕಾದದ್ದು ಒಂದೇ: ಎದುರಿಗಿರುವವರು ಬೇಗ ಮುಗಿಸಬೇಕು.

ನನ್ನ ಗಂಡನಿಗೆ ಮುಗಿಸುವುದಿರಲಿ, ಶುರು ಮಾಡುವುದೇ ಕಷ್ಟ. ಅವರು ಬೀಗ ರಿಪೇರಿ ಮಾಡುವವರು. ಎದುರಿಗೆ ಎಲ್ಲರೂ ‘ಬೀಗದವರು’ ಎನ್ನುತ್ತಾರೆ, ಬೆನ್ನ ಹಿಂದೆ ‘ಪೀಠಿಕೆ’ ಎನ್ನುತ್ತಾರೆ. ಕೀಲಿಕೈ ಕಳೆದುಕೊಂಡು ಯಾರೋ ಮನೆ ಮುಂದೆ ಬಿಸಿಲಲ್ಲಿ ಒದ್ದಾಡುತ್ತಿದ್ದರೂ ಇವರು “ಮನುಷ್ಯನಿಗೆ ಬೀಗ ಯಾಕೆ ಬೇಕಾಯ್ತು ಅಂದ್ರೆ” ಎಂದೇ ಆರಂಭಿಸುತ್ತಾರೆ. ಬಾಗಿಲು ತೆರೆದು, ಮನೆಯವರು ಒಳಗೆ ಹೋಗಿ, ಸ್ನಾನ ಮಾಡಿ ಬಂದರೂ ಮನುಷ್ಯನಿಗೆ ಬೀಗ ಇನ್ನೂ ಬೇಕಾಗಿರುವುದಿಲ್ಲ.

ಒಮ್ಮೆ ನಮ್ಮ ಆಸ್ಪತ್ರೆಯ ಔಷಧಿ ಕಪಾಟಿನ ಬೀಗ ಕೆಟ್ಟಾಗ ಬಂದಿದ್ದರು. ಅವರ ಪೀಠಿಕೆಯನ್ನು ಕೊನೆಯವರೆಗೆ ಕೇಳಿದ ಮೊದಲ ವ್ಯಕ್ತಿ ನಾನೇ ಅಂತೆ. ಮರುದಿನ ಬೀಗ ಸರಿಯಿದೆಯೇ ಎಂದು ನೋಡಲು ಬಂದರು. ಅದರ ಮರುದಿನವೂ ಬಂದರು. ಸರಿಯಾಗಿರುವ ಬೀಗವನ್ನು ಅಷ್ಟು ಸಲ ಬಂದು ನೋಡಿದವರನ್ನು ನಾನು ಕಂಡಿಲ್ಲ. ಇಬ್ಬರ ತಲೆಯಲ್ಲೂ ಬಿಳಿಕೂದಲು ಇಣುಕಿದ ಮೇಲೆ, ಮದುವೆಯ ಮಾತನ್ನು ಮನೆಯವರೆಲ್ಲ ಮರೆತ ಮೇಲೆ, ನಾವು ಮದುವೆಯಾದೆವು.

ಅವರ ತಾಯಿ ಇರುವುದು ಗಡಿಯಾಚೆ. ಮಂಡಿನೋವಿನಿಂದ ಮದುವೆಗೆ ಬರಲಾಗಿರಲಿಲ್ಲ. ಮಗ ಫೋನಿನಲ್ಲಿ, “ತುಂಬಾ ಸಾಧು ಅಮ್ಮ, ಮಾತೇ ಕಮ್ಮಿ” ಎಂದು ನನ್ನನ್ನು ವರ್ಣಿಸಿದಾಗ ಅತ್ತೆ ಹೇಳಿದ್ದು ಇಷ್ಟೇ: “ಕಣ್ಣಾರೆ ನೋಡಿ ಹೇಳ್ತೀನಿ. ಅಲ್ಲೀವರೆಗೂ ನನಗೆ ಸೊಸೆ ಅಂತ ಯಾರೂ ಇಲ್ಲ.”

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ತಾಯಿ ಹೋದ ಮೇಲೆ ‘ಅಮ್ಮಾ’ ಎಂದು ಕರೆಯಲು ನನಗೆ ಯಾರೂ ಇರಲಿಲ್ಲ. ಈ ಒಂದು ಭೇಟಿಯಲ್ಲಿ ಆಕೆಗೆ ನಾನು ಸಾಧು ಎನ್ನಿಸಬೇಕು, ಅಷ್ಟೇ ನನ್ನ ಪ್ರಾರ್ಥನೆ. ದಾರಿಯಲ್ಲಿ ಇವರ ಬಾಯಿಂದ ಯಾವ ರಾದ್ಧಾಂತವೂ ಆಗದೆ, ಹೊತ್ತಿಗೆ ಸರಿಯಾಗಿ, ತಲೆ ತಗ್ಗಿಸಿ ಮನೆ ತಲುಪಬೇಕು.

“ನೋಡ್ರೀ, ನಾನು ಮಾತಾಡಿ ಅನ್ನೋವರೆಗೂ ನೀವು ತುಟಿ ಬಿಚ್ಚಬಾರದು.”

“ಆಯ್ತು ಕಣೇ. ಆದರೆ ಯಾಕೆ ಅಂತ ಕೇಳೋದಕ್ಕೆ ಮುಂಚೆ…”

“ಈಗಿನಿಂದಲೇ.”

ಅವರು ತುಟಿ ಮುಚ್ಚಿದರು. ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಅದೇ ನಮಗೆ ಮುಳುವಾಯಿತು.

ಗಡಿಯವರೆಗೆ ಬಸ್ಸು, ಆಮೇಲೆ ಸೇತುವೆಯ ಮೇಲೆ ನಡಿಗೆ. ಆ ತುದಿಯಲ್ಲಿ ಉದ್ದನೆಯ ಹಾಲ್, ಸಾಲಾಗಿ ಗಾಜಿನ ಕಿಟಕಿಗಳು. ಎರಡೂ ಕಡೆಯ ಜನ ಆಡುವುದು ಒಂದೇ ಭಾಷೆ. ಆದರೆ ನಮ್ಮ ಪಾಲಿಗೆ ಬಂದ ಕಿಟಕಿಯಲ್ಲಿ ಕೂತಿದ್ದ ಹುಡುಗಿ ದೂರದ ರಾಜಧಾನಿಯವಳು, ನಮ್ಮ ಮಾತನ್ನು ತರಬೇತಿಯಲ್ಲಿ ಕಲಿತವಳು. ಅದಕ್ಕೆ ಪರೀಕ್ಷೆ ಕಟ್ಟಿ ಪಾಸಾಗಿದ್ದಾಳೆ ಎಂಬುದು ಅವಳ ಬೆನ್ನು ನೆಟ್ಟಗಿದ್ದ ರೀತಿಯಲ್ಲೇ ತಿಳಿಯುತ್ತಿತ್ತು.

“ತಾವು ಎಲ್ಲಿಗೆ ಪ್ರಯಾಣ ಬೆಳೆಸಿದ್ದೀರಿ?” ಎಂದಳು.

“ಅತ್ತೆ ಮನೆಗೆ.”

ಚುಟುಕು, ಸತ್ಯ. ನನಗೇ ಮೆಚ್ಚುಗೆಯಾಯಿತು.

“ತಮ್ಮೊಡನೆ ಇರುವವರು ಯಾರು?”

“ನಮ್ಮ ಮನೆಯವರು.”

ಅವಳು ನನ್ನ ಹಿಂದೆ ಕತ್ತು ಚಾಚಿ ನೋಡಿದಳು. “ಉಳಿದವರು ಎಲ್ಲಿ?”

“ಯಾವ ಉಳಿದವರು?”

“ಮನೆಯವರು ಎಂದಿರಿ. ಅದು ಬಹುವಚನ.”

“ಇವರೊಬ್ಬರೇ. ನಮ್ಮ ಯಜಮಾನರು.”

“ಹಾಗಾದರೆ ತಾವು ಇವರ ಬಳಿ ಕೆಲಸಕ್ಕಿದ್ದೀರಿ.”

ಮದುವೆಯಾದ ಹೆಂಗಸು ಇದಕ್ಕೆ ಇಲ್ಲ ಎಂದು ಹೇಗೆ ಹೇಳುವುದು? ಸತ್ಯದ ಸಂಕಲ್ಪ ಬೇರೆ. ಒಂದು ಕ್ಷಣ ಯೋಚಿಸಿ, “ಸಂಬಳ ಇಲ್ಲ” ಎಂದೆ.

ಅವಳ ಹುಬ್ಬು ಮೇಲೆ ಹೋಯಿತು. ನಮ್ಮ ಪಾಸ್‌ಪೋರ್ಟುಗಳನ್ನು ತಿರುವಿ, “ಇಲ್ಲಿ ಗಂಡ ಎಂದಿದೆ. ಇವರ ಉದ್ಯೋಗ?” ಎಂದಳು.

“ಬೀಗದವರು.”

ಅವಳ ಮುಖ ಅರಳಿತು. ಆ ಪದ ಅವಳ ಪಾಠದಲ್ಲಿತ್ತು. “ಬೀಗರು! ಮಗನ ಅಥವಾ ಮಗಳ ಅತ್ತೆ ಮಾವ. ನನಗೆ ಗೊತ್ತಿದೆ. ತಮ್ಮ ಮಕ್ಕಳು ಎಲ್ಲಿದ್ದಾರೆ?”

“ನಮಗೆ ಮಕ್ಕಳಿಲ್ಲ.”

“ಮಕ್ಕಳಿಲ್ಲದೆ ಬೀಗರು ಹೇಗಾಗುತ್ತಾರೆ? ಗಂಡನೇ ಬೀಗರು ಹೇಗಾಗುತ್ತಾರೆ?”

ನನ್ನ ಹಿಂದಿದ್ದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಕ್ಕದಲ್ಲಿ ನನ್ನ ಗಂಡನ ಗಂಟಲು ಗುಳುಗುಳು ಎನ್ನುತ್ತಿತ್ತು. ಬೀಗ ಮತ್ತು ಬೀಗರ ಸಂಬಂಧದ ಬಗ್ಗೆ ಇವರ ಬಳಿ ದೊಡ್ಡ ಭಾಷಣವೇ ಇದೆ. ಕಣ್ಣಲ್ಲೇ ಗದರಿಸಿದೆ.

“ಆ ಬೀಗರಲ್ಲಮ್ಮ. ಬಾಗಿಲಿನ ಬೀಗ.”

“ಓಹೋ. ಬೀಗ ಹಾಕುವವರು.”

“ಅಲ್ಲ, ತೆಗೆಯೋರು.”

“ಯಾರ ಮನೆಯ ಬೀಗ?”

“ಯಾರ ಮನೆದಾದ್ರೂ.”

“ಕೀಲಿಕೈ ಇಲ್ಲದೆ?”

“ಕೀಲಿಕೈ ಇದ್ರೆ ಇವರು ಯಾಕೆ ಬೇಕು?”

ಈ ಉತ್ತರಗಳಲ್ಲಿ ಒಂದೂ ಸುಳ್ಳಿಲ್ಲ. ಒಂದೊಂದನ್ನೂ ನೀವೇ ಪರೀಕ್ಷಿಸಿ ನೋಡಿ. ಆದರೂ ಆ ಹುಡುಗಿಯ ಕೈ ಮೇಜಿನ ಕೆಳಗೆ ಹೋಯಿತು, ಎಲ್ಲೋ ಒಂದು ಗಂಟೆ ಮೊಳಗಿತು. ಸಮವಸ್ತ್ರದವರಿಬ್ಬರು ಬಂದು ನಮ್ಮನ್ನು ಬಹಳ ಮರ್ಯಾದೆಯಿಂದ ಪಕ್ಕದ ಕೋಣೆಗೆ ಕರೆದೊಯ್ದರು. ಇವರ ಚೀಲವನ್ನು ಇನ್ನೂ ಹೆಚ್ಚು ಮರ್ಯಾದೆಯಿಂದ ಎತ್ತಿಕೊಂಡರು.

ಆ ಚೀಲವನ್ನು ಮನೆಯಲ್ಲೇ ಬಿಡಿ ಎಂದು ಬೇಡಿಕೊಂಡಿದ್ದೆ. ಅಮ್ಮನ ಮನೆಯ ಬಾಗಿಲುಗಳು ಹೇಗಿವೆಯೋ ಎಂದು ಕಂಕುಳಲ್ಲಿ ಕೂಸಿನಂತೆ ಇಟ್ಟುಕೊಂಡು ಬಂದಿದ್ದರು. ಈಗ ಕೂಸಿನ ಹೊಟ್ಟೆಯೊಳಗಿನದೆಲ್ಲ ಮೇಜಿನ ಮೇಲೆ ಬಂತು: ಕೊಕ್ಕೆಗಳು, ಬಾಗಿದ ತಂತಿಗಳು, ಅರಗಳು, ಎಣ್ಣೆಯ ಪುಟ್ಟ ಡಬ್ಬಿ, ಟಾರ್ಚು, ಎರಡು ಮುಷ್ಟಿ ತುಂಬುವಷ್ಟು ಕೀಲಿಕೈಗಳ ಗೊಂಚಲು. ಪಾಪ, ಅನ್ನ ಕೊಡುವ ಸಾಮಾನುಗಳು. ಆ ಬಿಳಿ ದೀಪದ ಕೆಳಗೆ ಮಾತ್ರ ಒಂದೊಂದೂ ಜೈಲಿನಿಂದ ಆಗತಾನೆ ಬಿಡುಗಡೆಯಾಗಿ ಬಂದಂತೆ ಕಾಣುತ್ತಿತ್ತು.

ಹಿರಿಯ ಅಧಿಕಾರಿ ಬಂದರು. ದಪ್ಪ ಮೀಸೆ, ಗಡಿ ಸೀಮೆಯವರೇ, ನಮ್ಮಂತೆಯೇ ಮಾತಾಡುವವರು. ನನಗೆ ಜೀವ ಬಂದಂತಾಯಿತು. ಅವರು ನೇರವಾಗಿ ನನ್ನ ಗಂಡನ ಮುಂದೆ ಕುರ್ಚಿ ಎಳೆದುಕೊಂಡರು.

“ಏನ್ ಸಾರ್ ಇದೆಲ್ಲ?”

ಇವರು ಮುಗುಳ್ನಕ್ಕು ನನ್ನತ್ತ ಬೆರಳು ತೋರಿಸಿದರು.

“ಇವರಿಗೆ ಮಾತು ಬರಲ್ವೇನಮ್ಮ?”

“ಬರುತ್ತೆ.”

“ಮತ್ಯಾಕೆ ಸುಮ್ನಿದ್ದಾರೆ?”

ಸಂಕಲ್ಪ ಎಂದರೆ ಸಂಕಲ್ಪ. “ನಾನು ಬೇಡ ಅಂದಿದ್ದೀನಿ.”

ಮೀಸೆಯವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ಇವರ ಕಿವಿಯ ಹತ್ತಿರ ಬಾಗಿ, ರೋಗಿಯ ಹತ್ತಿರ ಮಾತಾಡುವಂತೆ ಕೇಳಿದರು: “ಸಾರ್, ಹೆದರಬೇಡಿ, ನಾವಿದ್ದೀವಿ. ನಿಮ್ಮನ್ನ ಬಲವಂತವಾಗಿ ಕರ್ಕೊಂಡು ಹೋಗ್ತಿದ್ದಾರಾ?”

ಇವರು ಇನ್ನೂ ಅಗಲವಾಗಿ ನಕ್ಕು, ಇನ್ನೊಮ್ಮೆ ನನ್ನತ್ತ ಬೆರಳು ತೋರಿಸಿದರು.

ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ. ದೇವರೇ, ಚುಟುಕು ಸಾಕು, ಸತ್ಯವೂ ಸಾಕು, ಈಗ ಸ್ವಲ್ಪ ದಾರಿ ತೋರಿಸು. ದೇವರು ತೋರಿಸಿದ. ಮೀಸೆಯವರು, “ಯಾರ ಮನೆಗೆ ಹೋಗ್ತಿದ್ದೀರೋ ಅವರನ್ನೇ ಕೇಳಿದ್ರಾಯ್ತು” ಎಂದು ಫೋನ್ ಕೈಗೆತ್ತಿಕೊಂಡರು. ಸೊಸೆ ಅಂತ ಯಾರೂ ಇಲ್ಲ ಎಂದವರನ್ನೇ, ಸೊಸೆ ಇದ್ದಾಳಾ ಎಂದು ಸರಕಾರ ಕೇಳಲು ಹೊರಟಿತ್ತು. ಅದೂ ಸ್ಪೀಕರ್ ಹಾಕಿ.

“ಅಮ್ಮ, ಗಡಿ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಮಗ ಅಂತ ಒಬ್ಬರು ಬಂದಿದ್ದಾರೆ.”

“ಬೆಳಗ್ಗೆಯಿಂದ ಕಾಯ್ತಾ ಕೂತಿದ್ದೀನಪ್ಪ. ಏನಂತಾನೆ?”

“ಏನೂ ಅನ್ನಲ್ಲ. ಬಂದಾಗಿನಿಂದ ಬಾಯೇ ಬಿಟ್ಟಿಲ್ಲ.”

“ಬಾಯೇ ಬಿಟ್ಟಿಲ್ವಾ? ಪ್ರಜ್ಞೆ ಇದೆಯಾ?”

“ಇದೆ. ನಗ್ತಾ ಕೂತಿದ್ದಾರೆ.”

“ಹಾಗಾದ್ರೆ ಅವನು ನನ್ನ ಮಗ ಅಲ್ಲ. ಬೇರೆ ಯಾರೋ. ಹುಷಾರಪ್ಪ, ನೋಡ್ಕೊಳಿ.”

ಮೀಸೆಯವರು ಸರಕ್ಕನೆ ಎದ್ದು ನಿಂತರು. ಸಮವಸ್ತ್ರದವರಿಬ್ಬರು ಬಾಗಿಲಿಗೆ ಅಡ್ಡ ಬಂದರು. ನಾನು ಇವರ ತೋಳು ಹಿಡಿದು ಅಲುಗಾಡಿಸಿದೆ.

“ರೀ, ಮಾತಾಡ್ರೀ.”

ಇವರು ಹುಬ್ಬು ಹಾರಿಸಿ, ನಿಜಕ್ಕೂ ಮಾತಾಡಬಹುದಾ ಎಂದು ಸನ್ನೆಯಲ್ಲೇ ಕೇಳಿದರು.

“ನಿಮ್ಮ ದಮ್ಮಯ್ಯ, ಮಾತಾಡಿ. ಎಷ್ಟು ಬೇಕಾದ್ರೂ ಮಾತಾಡಿ.”

ಅವರು ತುಟಿ ಒರೆಸಿಕೊಂಡು, ಕಾಲರ್ ಸರಿಮಾಡಿಕೊಂಡು, ಫೋನಿನ ಕಡೆ ಬಾಗಿದರು. “ಅಮ್ಮಾ, ನಾನು ಯಾಕೆ ಸುಮ್ಮನಿದ್ದೆ ಅನ್ನೋದನ್ನ ಹೇಳ್ತೀನಿ. ಅದಕ್ಕೆ ಮುಂಚೆ ಸುಮ್ಮನಿರೋದು ಅಂದ್ರೆ ಏನು ಅನ್ನೋದನ್ನ ಸ್ವಲ್ಪ ನೋಡೋಣ. ಈಗ ಒಂದು ಬೀಗ ಇದೆ ಅಂತಿಟ್ಕೊ…”

“ಹಾಂ, ಇವನೇ, ಇವನೇ,” ಎಂದಿತು ಫೋನು. “ನನ್ನ ಮಗನೇ. ಬಿಟ್ಟುಬಿಡಿ ಸಾರ್, ಇಟ್ಕೊಂಡ್ರೆ ನಿಮಗೇ ಕಷ್ಟ.”

ಮೀಸೆಯವರು ಇವರ ಮುಂದೆ ಕೈ ಅಡ್ಡ ಹಿಡಿದು, ಬೀಗದ ಕಥೆಯನ್ನು ಅಲ್ಲೇ ತಡೆದು, ನನಗೆ ಬೇಕಾಗಿದ್ದ, ಬೇಡವಾಗಿದ್ದ ಪ್ರಶ್ನೆ ಕೇಳಿದರು. “ಜೊತೆಲಿರೋರು? ನಿಮ್ಮ ಸೊಸೆ ಹೌದಾ?”

“ನಾನು ನೋಡಿಲ್ಲ.”

ನಾನು ನೆಲ ನೋಡಿದೆ. ಸತ್ಯ, ಚುಟುಕು. ಒಂದು ಅಕ್ಷರವೂ ಹೆಚ್ಚಿಲ್ಲ. ಇವರ ಕೈ ಮೆಲ್ಲಗೆ ಬಂದು ನನ್ನ ಕೈ ಹಿಡಿಯಿತು. ಆ ಕೈಗೆ ಎಣ್ಣೆಯ ವಾಸನೆಯಿತ್ತು.

“ಒಂದ್ನಿಮಿಷ ಸಾರ್,” ಎಂದರು ಅತ್ತೆ. “ಇಷ್ಟು ಹೊತ್ತು ಇವನನ್ನ ಸುಮ್ಮನೆ ಕೂರಿಸಿದ್ದು ಯಾರು?”

“ಈಯಮ್ಮನೇ.”

“ಹೊಡೆದ್ಲಾ?”

“ಇಲ್ಲಮ್ಮ.”

“ಬೈದ್ಲಾ?”

“ಇಲ್ಲ. ಬೇಡ ಅಂದ್ರಂತೆ.”

“ಬರೀ ಬೇಡ ಅಂದ್ಲಾ?” ಫೋನಿನೊಳಗೆ ಕುರ್ಚಿ ಕಿರುಗುಟ್ಟಿತು. ಅತ್ತೆ ಎದ್ದು ನಿಂತಿರಬೇಕು. “ಇವನ ಅಪ್ಪ ಸೋತು ಹೋದ್ರು, ಸ್ಕೂಲಿನ ಮೇಷ್ಟ್ರುಗಳು ಸೋತು ಹೋದ್ರು, ಹೆತ್ತ ನಾನೇ ಕೈಚೆಲ್ಲಿದ್ದೆ. ನನ್ನ ಸೊಸೆನೇ ಸಾರ್ ಅವಳು. ಅಲ್ಲ ಅಂತ ನಿಮ್ಮ ಸರಕಾರ ಹೇಳಿದ್ರೂ ನನಗೆ ಅವಳು ಬೇಕು. ಬೇಗ ಕಳಿಸಿಕೊಡಿ.”

ಮುದ್ರೆ ಬಿತ್ತು. ಕಿಟಕಿಯ ಹುಡುಗಿ ತಾನೇ ಬಂದು, ಕೊಕ್ಕೆ ತಂತಿಗಳನ್ನೆಲ್ಲ ಚೀಲಕ್ಕೆ ತುಂಬಿಸಿ, “ತಮ್ಮ ಮನೆಯವರೊಬ್ಬರಿಗೂ ಶುಭ ಪ್ರಯಾಣ” ಎಂದಳು. ಬಹುವಚನದ ವಿಷಯದಲ್ಲಿ ಅವಳಿಗೆ ಇನ್ನೂ ಸಮಾಧಾನವಾದಂತೆ ಕಾಣಲಿಲ್ಲ. ನನ್ನ ಕಣ್ಣು ಮಾತ್ರ ತುಂಬಿ ಬಂದಿತ್ತು. ಗಡಿಯಾಚೆಯ ಬಸ್ಸಿನಲ್ಲಿ ಇವರು ಬೀಗದ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಿಂತು ಕೇಳುತ್ತಿದ್ದ. ನಾನು ತಡೆಯಲಿಲ್ಲ. ಕಿಟಕಿಗೆ ತಲೆಯಾನಿಸಿ, ಅತ್ತೆಯ ಮುಂದೆ ಹೇಗೆ ಮೆತ್ತಗೆ ಮಾತಾಡಬೇಕು, ಎಷ್ಟು ತಲೆ ತಗ್ಗಿಸಬೇಕು ಎಂದು ಅಭ್ಯಾಸ ಮಾಡುತ್ತ ಕೂತೆ.

ಅತ್ತೆಯ ಬೀದಿಗೆ ಕಾಲಿಟ್ಟಾಗ ಎಲ್ಲ ಮನೆಗಳ ಕಿಟಕಿಯಲ್ಲೂ ಮುಖಗಳು. ಗೇಟಿನ ಬಳಿ ಕಚಪಚ ಮಾತಾಡುತ್ತಿದ್ದ ಹೆಂಗಸರು ನನ್ನನ್ನು ಕಂಡದ್ದೇ ಗಪ್‌ಚಿಪ್. ಆಡುತ್ತಿದ್ದ ಮಕ್ಕಳು ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಗುಬ್ಬಿಯಂಥ ಜೀವ. ನಾನು ಬಾಗಿ, ಇದ್ದಷ್ಟು ನಯವನ್ನೆಲ್ಲ ಒಟ್ಟುಗೂಡಿಸಿ, “ಚೆನ್ನಾಗಿದ್ದೀರಾ ಅಮ್ಮಾ?” ಎಂದೆ.

ಅವರು ಹಿಂದೆ ನೆರೆದಿದ್ದ ಅಕ್ಕಪಕ್ಕದವರ ಕಡೆ ತಿರುಗಿ, “ನೋಡಿದ್ರಾ, ಎಷ್ಟು ಮೆತ್ತಗೆ ಹೇಳ್ತಾಳೆ,” ಎಂದು ಪಿಸುಗುಟ್ಟಿದರು. “ಹೀಗೇ ಮೆತ್ತಗೆ ಹೇಳಿನೇ ಕೂರಿಸಿರೋದು ಅವನನ್ನ.”

“ಅಯ್ಯೋ, ಹಾಗೇನೂ ಇಲ್ಲಮ್ಮ…”

“ಆಯ್ತಮ್ಮ, ಆಯ್ತು, ನೀನು ಹೇಳಿದ ಹಾಗೇ,” ಎಂದರು ಅತ್ತೆ ತಕ್ಷಣ. ನನ್ನ ಗಲ್ಲ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡು, ಇಡೀ ಬೀದಿಗೆ ಕೇಳುವಂತೆ ಸಾರಿದರು: “ನನ್ನ ಮಗ ಬೀಗ ತೆಗೆಯೋನು. ನನ್ನ ಸೊಸೆ ಬಾಯಿಗೆ ಬೀಗ ಹಾಕೋಳು. ಜೋಡಿ ಸರಿಯಾಗಿದೆ.”

ಸಾಧು ಎನ್ನಿಸಿಕೊಳ್ಳಲು ನಾಡು ದಾಟಿ ಬಂದವಳ ಗತಿ ಇದು. ನಾನು ಏನು ಹೇಳಿದರೂ ಅಲ್ಲಿದ್ದವರು ತಲೆಯಾಡಿಸಿದರು. ಏನೂ ಹೇಳದಿದ್ದರೆ ಇನ್ನೂ ಹೆಚ್ಚು ಹೆದರಿದರು. ಕುರ್ಚಿಯ ತುದಿಯಲ್ಲಿ ಕೂತು ನೀರು ಕುಡಿಯುತ್ತಿದ್ದೆ. ಆಗ ಪಕ್ಕದ ಮನೆಯಾಕೆ ಒಬ್ಬ ದಪ್ಪನೆಯ ಗಂಡಸನ್ನು ಮೊಣಕೈ ಹಿಡಿದು ಎಳೆದುಕೊಂಡು ಒಳಗೆ ಬಂದರು.

“ಅಕ್ಕಾ, ನಮ್ಮವರು ನಿದ್ದೆಲೂ ಮಾತಾಡ್ತಾರೆ. ನೀವೇನೂ ಶ್ರಮ ತಗೋಬೇಡಿ. ಒಂದ್ಸಲ ಬೇಡ ಅಂದ್ಬಿಡಿ, ಸಾಕು.”

ಇಲ್ಲಮ್ಮ, ನನಗೆ ಅದೆಲ್ಲ ಬರೋದಿಲ್ಲ ಎನ್ನಬೇಕೆಂದು ತಲೆಯೆತ್ತಿದೆ ಅಷ್ಟೇ. ಆ ಬಡಪಾಯಿ ನಾನು ತುಟಿ ಬಿಚ್ಚುವ ಮುಂಚೆಯೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.