ಸೊನ್ನೆ ಡಬ್ಬಿ, ಗೆರೆ ಡಬ್ಬಿ

ಜೋಳ ಅಳೆಯುವವನಿಗೆ ಜೋಳ ಎದುರು ಮಾತಾಡುವುದಿಲ್ಲ. ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯಲು ಹೊರಟವರ ಪಾಡು ಬೇರೆ. ಅಂಕಿ ಬರೆದುಕೊಳ್ಳುವಷ್ಟರಲ್ಲಿ ಅಂಕಿಯೇ ಬಾಯಿ ತೆಗೆದು ಏನಾದರೂ ಕೇಳಿಬಿಡುತ್ತದೆ. ನನ್ನ ನೌಕರಿಯಲ್ಲಿ ಇಂಥದ್ದೊಂದು ಆಗದೆ ಕಳೆದ ತಿಂಗಳುಗಳು ಕಡಿಮೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಸೊಲ್ಲಾಪುರದ ಸ್ಟೇಷನ್ನಿನ ಆಚೆ ಎರಡು ಕೋಣೆಯ ನಮ್ಮ ಕಚೇರಿ. ಹಳ್ಳಿಯ ಹೆಂಗಸರಿಗೆ ರಕ್ತ ಯಾಕೆ ಕಡಿಮೆ, ಏನು ಕೊಟ್ಟರೆ ಏರುತ್ತದೆ ಎಂದು ಕಂಡುಹಿಡಿಯುವುದು ಅದರ ಕೆಲಸ. ಅಲ್ಲಿದ್ದವರು ಮೂವರು: ಪುಣೆ ಕಡೆಯ ಡಾಕ್ಟರ್ ಸಾಹೇಬರು, ಒಬ್ಬ ಸಿಪಾಯಿ, ನಾನು. ಸಾಹೇಬರಿಗೆ ಮರಾಠಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಕುಂಭಾರಿ ದಾಟಿ, ಅಕ್ಕಲಕೋಟದ ಬಸ್ಸಿನಿಂದ ನಡುವೆ ಇಳಿದು, ಎರಡು ಮೈಲಿ ನಡೆದು ನಾವು ಹೋಗುತ್ತಿದ್ದ ಹಳ್ಳಿಗೆ ಬರುತ್ತಿದ್ದದ್ದು ಕನ್ನಡ. ಹಾಗಾಗಿ ಲೆಕ್ಕಕ್ಕೆಂದು ಸೇರಿದ ನಾನು ಅವರ ನಾಲಗೆಯೂ ಆದೆ.

ಹುದ್ದೆಯ ಹೆಸರು

ನನ್ನ ಹುದ್ದೆಯ ಹೆಸರು ಕಂಪ್ಯೂಟರ್. ಆ ಹೆಸರಿನ ಯಂತ್ರವನ್ನು ಆಗ ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಕಂಪ್ಯೂಟರ್ ಎಂದರೆ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು, ಹತ್ತು ಗಂಟೆಗೆ ಬಂದು ಐದಕ್ಕೆ ಮನೆಗೆ ಹೋಗುವ ನಾನು.

ಅಪ್ಪ ನೂಲಿನ ವ್ಯಾಪಾರಿ. ಮಗಳು ಗಣಿತ ಓದಿದ್ದೇ ಹೆಚ್ಚಾಯಿತು, ಇನ್ನು ಲಗ್ನ ಮಾಡಿಬಿಡೋಣ ಎಂದು ಅಕ್ಕಲಕೋಟದ ಒಂದು ಮನೆತನದವರನ್ನು ಕರೆಸಿದ. ಹುಡುಗನ ಸೋದರತ್ತೆ ಚಹಾ ಕುಡಿದು ಕೇಳಿದಳು, "ಹುಡುಗಿ ನೌಕರಿ ಮಾಡತಾಳಂತಲ್ಲ, ಏನ್ ನೌಕರಿ?"

"ಕಂಪ್ಯೂಟರ್ ರೀ" ಎಂದೆ.

"ಹಂಗಂದ್ರ?"

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಹೇಳಿದಳು, "ಡಾಕ್ಟರ್ ಇದ್ದಂಗ್ರಿ. ಸೂಜಿ ಚುಚ್ಚಂಗಿಲ್ಲ, ಅಷ್ಟ."

ಆಕೆಯ ಮುಖ ಅರಳಿತು. ಕುಳಿತಲ್ಲೇ ಸೀರೆ ಸ್ವಲ್ಪ ಮೇಲೆತ್ತಿ ಎಡಗಾಲು ಚಾಚಿದಳು. "ನೋಡವಾ, ಈ ಮೊಣಕಾಲು ಮೂರ್ ವರ್ಸಾತು ನೋಯಾಕತ್ತೈತಿ. ಏನ್ ಮಾಡ್ಲಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅತ್ಯಾ, ಇಂಥಾ ಮೊಣಕಾಲು ಇನ್ನೂರು ತಂದ್ರ ನಾ ಏನರೆ ಹೇಳಬಲ್ಲೆ. ಒಂದ ಮೊಣಕಾಲಿಗೆ ನನಗೇನೂ ತಿಳಿಯಂಗಿಲ್ರಿ" ಎಂದೆ.

ಅವರು ಉಳಿದ ನೂರಾ ತೊಂಬತ್ತೊಂಬತ್ತನ್ನು ತರಲು ಹೋದವರು ಮತ್ತೆ ಬರಲಿಲ್ಲ.

ಗಂಟೆ

ಕಚೇರಿಯಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಹೊಲಿಗೆ ಯಂತ್ರದಷ್ಟು ಭಾರ, ಪಕ್ಕದಲ್ಲಿ ಒಂದು ಹಿಡಿಕೆ. ಮುಂದೆ ತಿರುಗಿಸಿದರೆ ಕೂಡುತ್ತದೆ, ಹಿಂದೆ ತಿರುಗಿಸಿದರೆ ಕಳೆಯುತ್ತದೆ. ಭಾಗಾಕಾರಕ್ಕೆ ಹಿಂದೆ ತಿರುಗಿಸುತ್ತಲೇ ಇರಬೇಕು. ಇದ್ದದ್ದಕ್ಕಿಂತ ಒಂದು ಸುತ್ತು ಹೆಚ್ಚು ಕಳೆದರೆ ಒಳಗೆ ಟಿಣ್ ಎಂದು ಗಂಟೆ ಬಾರಿಸುತ್ತದೆ. ಆಗ ಒಂದು ಸುತ್ತು ಮುಂದೆ ತಿರುಗಿಸಿ ಸರಿಮಾಡಿಕೊಳ್ಳಬೇಕು.

ಯಂತ್ರ ಬಂದ ಮೊದಲನೆಯ ದಿನ ಟಿಣ್ ಎಂದಿತು. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಸಿಪಾಯಿ ಒಳಗೆ ಬಂದು ನಿಂತ. "ಏನ್ರಿ ಬಾಯಿ?" ಮರಾಠಿ ರೂಢಿಯಂತೆ ಅಲ್ಲಿ ಎಲ್ಲರಿಗೂ ನಾನು ಬಾಯಿ, ಅಂದರೆ ಅಮ್ಮಾವರು.

"ಏನಿಲ್ಲ."

ಹೋದ. ಮತ್ತೆ ಟಿಣ್. ಮತ್ತೆ ಬಂದ. ಅವತ್ತು ನನಗೆ ಬರೀ ಭಾಗಾಕಾರದ ಕೆಲಸ. ಆತನಿಗೆ ಅರವತ್ತು ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ, "ಬಾಯಿ, ಏನ್ ಬೇಕೋ ಎಲ್ಲಾ ಒಮ್ಮೆಲೆ ಹೇಳಿಬಿಡ್ರಿ. ಮುಂಜಾನಿಂದ ಏನಿಲ್ಲ ಏನಿಲ್ಲ ಅಂತೀರಿ, ಮತ್ತ ಕರೀತೀರಿ."

ನಾನು ಕೂರಿಸಿ ತಿಳಿಸಿ ಹೇಳಿದೆ. ಗಂಟೆ ನಿಮಗಲ್ಲ, ನನಗೆ. ಭಾಗ ಮಾಡುವಾಗ ಇದ್ದದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಇದು ಬಾರಿಸುತ್ತದೆ. ತೆಗೆದುಕೊಂಡದ್ದನ್ನು ವಾಪಸು ಇಡಬೇಕು.

ಆತ ಯಂತ್ರವನ್ನು ಎರಡೂ ಕಡೆಯಿಂದ ನೋಡಿದ. ಕೈಯಿಂದ ಮುಟ್ಟಿಯೂ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟ.

"ನಮ್ಮಣ್ಣ ಹೊಲ ಭಾಗ ಮಾಡುಮುಂದ ಇದು ಎಲ್ಲಿ ಇತ್ತರಿ?"

ನಲವತ್ತೈದು

ರಕ್ತ ನೋಡುವ ಮೊದಲು ಹಳ್ಳಿಯವರ ವಯಸ್ಸು ಬರೆದುಕೊಳ್ಳಬೇಕು. ಹೆಂಗಸರು, ಗಂಡಸರು, ಎಲ್ಲರದ್ದೂ ಬರೆದುಕೊಂಡು ಬಂದು ನಕ್ಷೆ ತೆಗೆದು ಸಾಹೇಬರ ಮುಂದಿಟ್ಟೆ. ಅವರು ಹುಬ್ಬು ಗಂಟಿಕ್ಕಿದರು. ಮೂವತ್ತು, ಮೂವತ್ತೈದು, ನಲವತ್ತು, ನಲವತ್ತೈದು. ಇಷ್ಟರ ಮೇಲೆ ಮಾತ್ರ ಚುಕ್ಕೆಗಳ ಗುಂಪು. ನಡುವೆ ಬಯಲು.

"ಈ ಊರಲ್ಲಿ ಮೂವತ್ತೇಳು ವರ್ಷದವರು ಯಾರೂ ಇಲ್ಲವೆ?" ಎಂದು ಮರಾಠಿಯಲ್ಲಿ ಕೇಳಿದರು. "ನೀವು ಹಳ್ಳಿಗೆ ಹೋಗಿದ್ದಿರೋ, ಗಿಡದ ನೆರಳಿಗೆ ಕೂತು ಬರೆದಿರೋ?"

ನನಗೆ ನೋವಾಯಿತು. ಆದರೆ ಚುಕ್ಕೆಗಳನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುವಂತೆಯೇ ಇತ್ತು.

ಮರುದಿನ ತಾವೇ ಬಂದರು. ಮೊದಲು ಸಿಕ್ಕವನು ಕಂಬಳಿ ಹೊದ್ದ ಕುರುಬ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ಸಾಹೇಬರು ಕೇಳಿದರು, ನಾನು ಕನ್ನಡ ಮಾಡಿದೆ, "ಕಾಕಾ, ನಿಮ್ಮ ವಯಸ್ಸೆಷ್ಟು?"

"ಓದಿದಾರು ಅದೀರಿ, ನಿಮಗ ಎಷ್ಟ ಅನಸ್ತದ ಅಷ್ಟ ಬರಕೋರಿ."

"ಅಂದಾಜು ಹೇಳ್ರಿ."

"ಪ್ಲೇಗಿನ್ಯಾಗ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರು ನೋಡ್ರಿ, ಅವಾಗ ನಾ ಒಂದ ಕುರಿಮರಿ ಎತಗೊಂಡ ಹೋಗೂವಷ್ಟ ಇದ್ದೆ."

ಸಾಹೇಬರಿಗೆ ಹುರುಪು ಬಂತು. "ಎಷ್ಟು ದೊಡ್ಡ ಮರಿ ಕೇಳಿ."

"ಸಣ್ಣದರಿ. ಒದ್ದಾಡತಿತ್ತು."

ಸಾಹೇಬರು ಕಾಗದ ತೆಗೆದು ಪ್ಲೇಗಿನ ವರ್ಷ, ಮರಿಯ ತೂಕ, ಹುಡುಗನ ತೋಳಿನ ಶಕ್ತಿ ಎಲ್ಲ ಹಿಡಿದು ಲೆಕ್ಕ ಹಾಕಿ ಐವತ್ತೆಂಟು ಎಂದು ಬರೆದರು. "ನೋಡಿ ಬಾಯಿ, ಕೇಳುವ ಹಾಗೆ ಕೇಳಿದರೆ ಸರಿಯಾದ ಉತ್ತರ ಬರುತ್ತದೆ" ಎಂದರು.

ಆ ಕುರುಬ ಕಂಬಳಿ ಸರಿಮಾಡಿಕೊಂಡು ಕೇಳಿದ, "ಸಾಹೇಬ್ರಿಗೆ ಎಷ್ಟಾಗ್ಯಾವ?"

ಸಾಹೇಬರು ತಡಮಾಡಲಿಲ್ಲ. "ನಲವತ್ತೈದು."

ತಿಂಗಳಾ ತಿಂಗಳಾ ಅವರ ಪ್ರವಾಸದ ಫಾರ್ಮಿನಲ್ಲಿ ಹುಟ್ಟಿದ ದಿನ ತುಂಬುತ್ತಿದ್ದವಳು ನಾನು. ಅವರಿಗೆ ನಲವತ್ತೆಂಟಾಗಿತ್ತು. ಕಚೇರಿಗೆ ಹಿಂತಿರುಗಿ, ಯಾರೂ ನೋಡದಾಗ, ನಕ್ಷೆಯಲ್ಲಿ ನಲವತ್ತೈದರ ಮೇಲೆ ಇನ್ನೊಂದು ಚುಕ್ಕೆ ಇಟ್ಟೆ.

ಮೂವತ್ತನಾಲ್ಕನೆಯ ಮನೆ

ಊರಿನ ಎಲ್ಲರಿಗೂ ರಕ್ತ ಏರಿಸುವ ಗುಳಿಗೆ ಕೊಡುವಷ್ಟು ಸರಕಾರದಲ್ಲಿ ಇರಲಿಲ್ಲ. ಅಷ್ಟು ಬೇಕಾಗಿಯೂ ಇರಲಿಲ್ಲ. ಮನೆ ಮನೆಯ ಬಾಗಿಲ ಮೇಲೆ ಕೆಮ್ಮಣ್ಣಿನಿಂದ ನಂಬರು ಬರೆದೆವು. ಬರೀ ಅಡ್ಡಾದಿಡ್ಡಿ ಅಂಕಿಗಳಿರುವ ಒಂದು ಪುಸ್ತಕ ನಮ್ಮ ಹತ್ತಿರ ಇತ್ತು. ಕಣ್ಣುಮುಚ್ಚಿ ಒಂದು ಪುಟ ತೆಗೆದು ಅಲ್ಲಿ ಬಂದ ನಂಬರಿನ ಮನೆಗಳನ್ನು ಆರಿಸಿದೆವು. ಯಾರ ಮುಲಾಜೂ ಇಲ್ಲದ ಪದ್ಧತಿ.

ಊರ ಯಜಮಾನರಾದ ಪಾಟೀಲರ ಮನೆ ಬರಲಿಲ್ಲ. ಪಾಟೀಲರು ಚಾವಡಿಗೆ ಕರೆಸಿದರು.

"ಬಾಯಿ, ಊರಾಗ ಏನ ಬಂದ್ರೂ ಮೊದಲ ನಮ್ಮ ಮನಿಗೆ ಬರತದ. ಬಿಟ್ಟಾಂವ ಯಾರು?"

"ಯಾರೂ ಬಿಟ್ಟಿಲ್ಲರಿ. ಪುಸ್ತಕದಾಗ ನಿಮ್ಮ ನಂಬರ ಬರಲಿಲ್ಲ."

"ಪುಸ್ತಕ ಬರದಾಂವ ಯಾರು? ನಮ್ಮ ಊರಾಗ ಯಾರ ಮಾತ ಕೇಳಿ ಬರದಾನ?"

"ಅಂವಗ ನಿಮ್ಮ ಊರು ಗೊತ್ತಿಲ್ಲರಿ. ಅದರಾಗ ಅರ್ಥ ಇಲ್ಲ, ಬರೀ ಅಂಕಿ ಅದಾವ."

"ಅರ್ಥ ಇಲ್ಲದ ಪುಸ್ತಕ ಓದಿ ಸರಕಾರ ನಡಸ್ತೀರಿ?"

ಇದನ್ನು ಸಾಹೇಬರಿಗೆ ಅನುವಾದ ಮಾಡಿದೆ. ಅವರು ಪುಸ್ತಕವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು.

ಮುಂದಿನ ವಾರ ಗುಳಿಗೆ ಡಬ್ಬಿ ಹಿಡಿದು ಹೋದರೆ ಊರಲ್ಲಿ ಮೂವತ್ತನಾಲ್ಕನೆಯ ಮನೆ ಎರಡಾಗಿತ್ತು. ಒಂದು ಓಣಿಯ ಕೊನೆಯ ಸಣ್ಣ ಮನೆ, ನಾವು ಬರೆದದ್ದು. ಇನ್ನೊಂದು ಪಾಟೀಲರ ವಾಡೆ. ನಮ್ಮ ಮೂವತ್ತನಾಲ್ಕು ಗೇಣುದ್ದ ಇತ್ತು. ಪಾಟೀಲರದ್ದು ಮೊಳದುದ್ದ, ಸುತ್ತಲೂ ಹೂಬಳ್ಳಿ ಬೇರೆ.

ಸೊನ್ನೆ, ಗೆರೆ

ಇನ್ನು ಗುಳಿಗೆಯ ವಿಷಯ.

ಕಬ್ಬಿಣದ ಗುಳಿಗೆಯಿಂದ ರಕ್ತ ಏರುತ್ತದೆ ಎಂಬುದು ಸಾಹೇಬರ ನಂಬಿಕೆ. ನಂಬಿದರೆ ಸಾಲದು, ತೋರಿಸಬೇಕು. ಅದಕ್ಕೆ ಆರಿಸಿದ ಮನೆಗಳಲ್ಲಿ ಅರ್ಧಕ್ಕೆ ಕಬ್ಬಿಣದ ಗುಳಿಗೆ, ಉಳಿದರ್ಧಕ್ಕೆ ನೋಡಲು ಥೇಟ್ ಅದರಂತೆಯೇ ಇರುವ ಸಕ್ಕರೆ ಗುಳಿಗೆ. ಮೂರು ತಿಂಗಳ ಮೇಲೆ ಎರಡೂ ಕಡೆಯವರ ರಕ್ತ ಹೋಲಿಸಿ ನೋಡುವುದು. ಒಂದು ಜಾತಿಯ ಡಬ್ಬಿಯ ಮೇಲೆ ಸೊನ್ನೆ, ಇನ್ನೊಂದರ ಮೇಲೆ ಗೆರೆ. ಯಾವುದರಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ, ಸಾಹೇಬರಿಗೂ ಗೊತ್ತಿಲ್ಲ. ಆ ಗುಟ್ಟು ಅರಗು ಹಾಕಿದ ಲಕೋಟೆಯಲ್ಲಿ ಮುಂಬಯಿಯ ಒಂದು ಕಪಾಟಿನಲ್ಲಿತ್ತು.

ಮೂರು ತಿಂಗಳು ವಾರಕ್ಕೊಮ್ಮೆ ಡಬ್ಬಿ ಕೊಟ್ಟು ಬಂದೆ. ಹೆಂಗಸರು ನಗುನಗುತ್ತ ತೆಗೆದುಕೊಂಡರು. ಖಾಲಿ ಡಬ್ಬಿ ತೊಳೆದು ವಾಪಸು ಕೊಟ್ಟರು. ಇಂಥ ಶಿಸ್ತಿನ ಊರು ನೋಡಿಲ್ಲ ಎಂದು ಸಾಹೇಬರು ಮುಂಬಯಿಗೆ ಕಾಗದವನ್ನೂ ಬರೆದರು.

ಕೊನೆಗೆ ರಕ್ತ ನೋಡಿ ಲೆಕ್ಕ ಹಾಕಿದೆ. ಸೊನ್ನೆಯವರ ರಕ್ತ ಏರಿತ್ತು. ಗೆರೆಯವರದ್ದೂ ಏರಿತ್ತು, ಹೆಚ್ಚುಕಡಿಮೆ ಅಷ್ಟೇ. ಲಕೋಟೆ ತರಿಸಿ ಒಡೆದರು. ಸೊನ್ನೆ ಕಬ್ಬಿಣ, ಗೆರೆ ಸಕ್ಕರೆ. ಅಂದರೆ ಸಕ್ಕರೆ ತಿಂದರೂ ರಕ್ತ ಏರುತ್ತದೆ ಎಂದು ನನ್ನ ಲೆಕ್ಕ ಹೇಳುತ್ತಿತ್ತು.

"ಮತ್ತೊಮ್ಮೆ ಮಾಡಿ" ಎಂದರು ಸಾಹೇಬರು. ಮಾಡಿದೆ. ಅದೇ ಬಂತು. ಮೂರನೆಯ ಸಲವೂ ಅದೇ. ಸರಿಯಾದ ಲೆಕ್ಕವನ್ನು ತಪ್ಪಾಗಿ ಬರಿಸುವುದು ಬಹಳ ಕಷ್ಟದ ಕೆಲಸ.

ಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, "ಎಲ್ಲೋ ತಪ್ಪಾಗಿದೆ ಬಾಯಿ. ಪುಣೆಯಿಂದ ಇನ್ನೊಬ್ಬ ಕಂಪ್ಯೂಟರನ್ನು ಕರೆಸಬೇಕಾಗುತ್ತದೆ." ನನ್ನ ನೌಕರಿ ಹೋಯಿತು ಎಂಬುದನ್ನು ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ. ಅವತ್ತು ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದೆ.

ಮರುದಿನ ನಾನೇ ಅವರಿಗೆ ಹೇಳಿದೆ: ಯಂತ್ರವನ್ನು ಮೂರು ಸಲ ಕೇಳಿಯಾಯಿತು, ಇನ್ನು ಹಳ್ಳಿಯನ್ನು ಒಂದು ಸಲ ಕೇಳೋಣ. ಅವರಿಗೆ ಏನನ್ನಿಸಿತೋ, ಟೊಪ್ಪಿಗೆ ತೆಗೆದುಕೊಂಡು ಎದ್ದರು.

ಗೆರೆ ಡಬ್ಬಿಯ ಮನೆಯಲ್ಲೊಬ್ಬ ಅಜ್ಜಿ ಇದ್ದಳು, ಓಣಿಗೆಲ್ಲ ಹಿರಿಯಳು. ಚಾಪೆ ಹಾಸಿ ಕೂರಿಸಿದಳು. ನಾನು ಕೇಳಿದೆ, "ಆಯಿ, ಕೊಟ್ಟ ಗುಳಗಿ ತಪ್ಪದ ತಗೊಂಡ್ರಿ?"

"ಒಂದ ದಿನಾ ತಪ್ಪಿಸಿಲ್ಲವಾ. ಎಲ್ಲಾರೂ ತಗೊಂಡೀವಿ."

"ಅವರವರದು ಅವರವರು?"

ಅಜ್ಜಿ ಸಾಹೇಬರ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಸರಿದಳು, ದನಿ ತಗ್ಗಿಸಿದಳು. "ಅವರಿಗಿ ಹೇಳಬ್ಯಾಡ. ಮೊದಲನೇ ವಾರದಾಗ ನಮಗ ತಿಳೀತು. ಬಯಲಕಡಿ ನಾವೆಲ್ಲಾ ಕೂಡೇ ಹೋಗತೀವಲ್ಲ. ಸೊನ್ನಿ ಡಬ್ಬಿಯಾರಿಗೆ ಕರ್ರಗ ಆಗಾಕತ್ತು, ಇದ್ದಲಿ ಇದ್ದಂಗ. ಗೆರಿ ಡಬ್ಬಿಯಾರಿಗಿ ಏನೂ ಇಲ್ಲ. ಅಂದ್ರ ಔಷಧ ಇರೋದು ಸೊನ್ನ್ಯಾಗ. ಗೆರಿ ಡಬ್ಬ್ಯಾಗ ಯಾವನೋ ಖೊಟ್ಟಿ ಮಾಲ ತುಂಬಿ ನಿಮಗ ಮೋಸ ಮಾಡ್ಯಾನ."

ಕಬ್ಬಿಣ ತಿಂದವರ ಮಲ ಕಪ್ಪಾಗುತ್ತದೆ ಎಂಬುದು ಡಾಕ್ಟರ್ ಪುಸ್ತಕದಲ್ಲಿದೆ. ಮುಂಬಯಿಯಲ್ಲಿ ಲಕೋಟೆಗೆ ಅರಗು ಹಾಕಿದವರಿಗೆ ಅದು ನೆನಪಾಗಿರಲಿಲ್ಲ.

"ಮತ್ತ ನಮಗ ಯಾಕ ಹೇಳಲಿಲ್ಲ ಆಯಿ?"

"ಹ್ಯಾಂಗ ಹೇಳೂದವಾ? ಬಿಸಲಾಗ ನಡಕೋತ ಬರತಿದ್ದಿ. ಹೇಳಿದ್ರ ಪಾಪ ನಿನ್ನ ನೌಕರಿ ಹೋದೀತು ಅಂತ ಎಲ್ಲಾರೂ ಬಾಯಿ ಮುಚಗೊಂಡೀವಿ. ಖರೇದು ಖೊಟ್ಟಿದು ಎಲ್ಲಾ ಒಂದ ಗಡಿಗ್ಯಾಗ ಸುರುವಿ, ಛಲೋತ್ನಂಗಿ ಕಲಸಿ, ದಿನಾ ಎಲ್ಲಾರಿಗೂ ಒಂದೊಂದ ಹಂಚೀವಿ. ಒಂದ ಊರಾಗ ಇದ್ದು ಒಬ್ಬಾಕಿ ಉಣ್ಣೂದು, ಒಬ್ಬಾಕಿ ನೋಡೂದು ಆಗತದೇನು?"

ನನ್ನ ಲೆಕ್ಕ ಸರಿ ಇತ್ತು. ಎರಡೂ ಕಡೆಯವರು ಅರ್ಧ ಕಬ್ಬಿಣ, ಅರ್ಧ ಸಕ್ಕರೆ ತಿಂದಿದ್ದರು. ನನ್ನ ನೌಕರಿ ಉಳಿಸಲು ಆ ಊರಿನ ಹೆಂಗಸರು ಮೂರು ತಿಂಗಳು ಗುಟ್ಟು ಕಾಪಾಡಿ, ಅದರಿಂದಲೇ ಅದನ್ನು ಕಳೆಯುವ ಹಂತಕ್ಕೆ ತಂದಿದ್ದರು. ಹೇಳಬೇಡ ಎಂದಿದ್ದನ್ನು ಸಾಹೇಬರಿಗೆ ಹೇಳಲೇಬೇಕಾಯಿತು. ಅವರು ಎರಡು ಕೈಯನ್ನೂ ಜೋಡಿಸಿ ನನಗೊಂದು, ಅಜ್ಜಿಗೊಂದು ನಮಸ್ಕಾರ ಮಾಡಿದರು. ಮುಖ ಬಿಳಚಿಕೊಂಡಿತ್ತು.

ಅಜ್ಜಿಗೆ ಅದು ಕಂಡಿತು. "ಅಯ್ಯ, ಸಾಹೇಬ್ರ ಮಾರಿ ನೋಡವಾ, ರಕ್ತನ ಇಲ್ಲ!" ಎಂದು ಒಳಗೆ ಹೋಗಿ ಗಡಿಗೆ ತಂದಳು. ತಳದಲ್ಲಿ ಇನ್ನೂ ಉಳಿದಿದ್ದವು. ಕಣ್ಣು ಬೇರೆ ಕಡೆ ಇಟ್ಟು ಕೈಹಾಕಿ, ಚೆನ್ನಾಗಿ ಕಲಸಿ, ಎರಡು ಗುಳಿಗೆ ತೆಗೆದು ಅವರ ಅಂಗೈಗೆ ಹಾಕಿದಳು.

"ತಗೋರಿ. ಖರೇದು ಬಂದಾವೋ ಖೊಟ್ಟೀವು ಬಂದಾವೋ ನಿಮ್ಮ ನಸೀಬ."

ಸಾಹೇಬರು ನೀರು ಕೇಳಿ ಇಸಿದುಕೊಂಡು ಎರಡನ್ನೂ ನುಂಗಿದರು.

ಮೂರನೆಯ ದಿನ ಕಚೇರಿಗೆ ಬಂದವರು ಟೊಪ್ಪಿಗೆಯನ್ನು ಗೂಟಕ್ಕೆ ಹಾಕಿ, ಸಿಪಾಯಿ ದೂರ ಇದ್ದಾನೆಂದು ಖಾತ್ರಿ ಮಾಡಿಕೊಂಡು, ನನ್ನ ಮೇಜಿನ ಹತ್ತಿರ ನಿಂತರು. ತಮಗೆ ಬರುವ ನಾಲ್ಕೇ ಕನ್ನಡ ಮಾತಿನಲ್ಲಿ ಮೂರನ್ನು ಖರ್ಚು ಮಾಡಿದರು:

"ಬಾಯಿ, ಎರಡೂ ಖೊಟ್ಟಿ."